1911 ಪಿಸ್ತೂಲು: ಡ್ರಾಯಿಂಗ್ ಒಂದೇ ಆದರೂ ಕಂಪನಿಯಿಂದ ಕಂಪನಿಗೆ ಬೆಲೆ, ಗುಣಮಟ್ಟ ಯಾಕಿಷ್ಟು ಬೇರೆ?

ನಿಮ್ಮ ಪ್ರಶ್ನೆಯ ಸಾರ ಇಷ್ಟು: ಟೆಕ್ಸಾಸ್‌ನಲ್ಲಿರುವ ನಿಮ್ಮ ತಮ್ಮ, ಶೂಟಿಂಗ್ ರೇಂಜಿನಲ್ಲಿ ಗುರಿ ಹೊಡೆಯಲು ಒಂದು 1911 ಕೊಳ್ಳಬೇಕೆಂದಿದ್ದಾನೆ. ಟರ್ಕಿಯದು ಸುಮಾರು 450 ಡಾಲರಿಗೆ ಸಿಗುತ್ತದೆ, ನೋಡಲು ಅದರಂತೆಯೇ ಇರುವ ಇನ್ನೊಂದಕ್ಕೆ 4000 ಹೇಳುತ್ತಾರೆ. ತುಮಕೂರಿನ ಅಂತರಸನಹಳ್ಳಿಯಲ್ಲಿ ಟೂಲ್‌ರೂಮ್ ನಡೆಸುವ ನಿಮಗೆ, ಡ್ರಾಯಿಂಗ್ ಒಂದೇ ಆದಮೇಲೆ ಬೆಲೆ ಒಂಬತ್ತು ಪಟ್ಟು ಹೇಗೆ ಎಂಬುದು ತಲೆಗೆ ಹತ್ತುತ್ತಿಲ್ಲ. ಟೂಲ್‌ರೂಮಿನವರಿಗೆ ಇದನ್ನು ಹೇಳುವುದು ಸುಲಭ. ಆ ಹಣದಲ್ಲಿ ಬಹುಪಾಲು ಫಿಟ್ಟರ್ ಕೂಲಿ. ಲೋಹಕ್ಕೆ ಸ್ವಲ್ಪ, ಹೆಸರಿಗೆ ಇನ್ನು ಸ್ವಲ್ಪ. ಕೂಲಿ ಹೆಚ್ಚು ಕೊಟ್ಟರೆ ಗುರಿ ನಿಖರವಾಗುತ್ತದೆ. ಪಿಸ್ತೂಲು ಸಿಕ್ಕಿಕೊಳ್ಳದೆ ಓಡುತ್ತದೆ ಎಂಬ ಖಾತರಿ ಮಾತ್ರ ಅದರ ಜೊತೆಗೆ ತಾನಾಗಿ ಬರುವುದಿಲ್ಲ. ಈ ಎರಡನ್ನೂ ಬೇರೆ ಬೇರೆ ಇಟ್ಟು ನೋಡಬೇಕು.

ಹಿನ್ನೆಲೆ ಚುಟುಕಾಗಿ. ಜಾನ್ ಬ್ರೌನಿಂಗ್ ರೂಪಿಸಿದ ಈ .45 ಪಿಸ್ತೂಲನ್ನು ಅಮೆರಿಕದ ಸೇನೆ ಒಪ್ಪಿದ್ದು 1911ರ ಮಾರ್ಚ್ 29ರಂದು. ಅದಕ್ಕೆ ಮುಂಚಿನ ಪರೀಕ್ಷೆಯಲ್ಲಿ ಒಂದೇ ಪಿಸ್ತೂಲಿನಿಂದ 6000 ಗುಂಡು ಹಾರಿಸಿದರು, ಒಂದು ಸಲವೂ ತೊಡಕಾಗಲಿಲ್ಲ. ಎರಡನೇ ಮಹಾಯುದ್ಧದ ಹೊತ್ತಿಗೆ ಬಂದೂಕು ಕಂಪನಿ ಕೋಲ್ಟ್ ಒಂದರಿಂದಲೇ ಪೂರೈಕೆ ಆಗದೆ ಕೆಲಸವನ್ನು ಹಂಚಿದರು. ಎಲ್ಲರಿಗಿಂತ ಹೆಚ್ಚು ಮಾಡಿದ್ದು ಟೈಪ್‌ರೈಟರ್ ಕಂಪನಿಯಾದ ರೆಮಿಂಗ್ಟನ್ ರ‍್ಯಾಂಡ್, ಸುಮಾರು ಒಂಬತ್ತು ಲಕ್ಷ. ರೈಲ್ವೆ ಸಿಗ್ನಲ್ ಮಾಡುತ್ತಿದ್ದ ಯೂನಿಯನ್ ಸ್ವಿಚ್ ಆ್ಯಂಡ್ ಸಿಗ್ನಲ್ ಸುಮಾರು 55,000 ಮಾಡಿತು. ಹೊಲಿಗೆ ಯಂತ್ರದ ಸಿಂಗರ್ ಕಂಪನಿ 500 ಮಾಡಿತು, ಇವತ್ತು ಸಂಗ್ರಾಹಕರು ಅದಕ್ಕೇ ಮುಗಿಬೀಳುವುದು. ಯಾರ ಭಾಗವನ್ನು ಯಾರ ಪಿಸ್ತೂಲಿಗೆ ಹಾಕಿದರೂ ಕೂರಬೇಕೆಂಬುದು ಸರ್ಕಾರದ ಷರತ್ತು. ಹಾಗೆ ಕೂರಬೇಕೆಂದರೆ ಎಲ್ಲ ಕಡೆ ಒಂದಿಷ್ಟು ಜಾಗ ಬಿಡಲೇಬೇಕು, ಆದ್ದರಿಂದ ಆ ಕಾಲದವು ಅಲುಗಾಡಿಸಿದರೆ ಲೊಡಲೊಡ ಎನ್ನುತ್ತವೆ. ಈಗ ಪೇಟೆಂಟ್ ಇಲ್ಲ, ಗೇಜ್ ಹಿಡಿದು ನಿಲ್ಲುವ ಸರ್ಕಾರಿ ಇನ್‌ಸ್ಪೆಕ್ಟರ್ ಕೂಡ ಇಲ್ಲ. ಪ್ರತಿ ಕಂಪನಿ ತನಗೆ ಬೇಕಾದ ಕಡೆ ಬಿಗಿ ಮಾಡಿ, ತನಗೆ ಬೇಕಾದ ಭಾಗ ಬದಲಿಸಿ, ಮೇಲೆ 1911 ಎಂದು ಕೆತ್ತುತ್ತದೆ. ತುಮಕೂರಿನ ಎಚ್‌ಎಂಟಿ ವಾಚ್ ಕಾರ್ಖಾನೆಯಲ್ಲಿ ಅಸೆಂಬ್ಲಿಗೆ ಕೂತಿದ್ದ ಯಾರನ್ನಾದರೂ ಕೇಳಿ ನೋಡಿ: ಪ್ರತಿ ಬಿಡಿಭಾಗವೂ ಟಾಲರೆನ್ಸ್ (ಅಳತೆಯಲ್ಲಿ ಒಪ್ಪುವ ಏರುಪೇರು) ಒಳಗೇ ಇದ್ದು, ಜೋಡಿಸಿದಾಗ ಎಲ್ಲವೂ ಒಂದೇ ಕಡೆಗೆ ವಾಲಿದ್ದರೆ ಏನಾಗುತ್ತದೆ ಎಂದು ಹೇಳುತ್ತಾರೆ. 1911ರ ಎಷ್ಟೋ ದೂರುಗಳು ಆ ಜಾತಿಯವು.

ಅಂದಹಾಗೆ ಆ ಲೊಡಲೊಡ ಸದ್ದಿಗೆ ಹೆದರಬೇಕಿಲ್ಲ. ಗುರಿ ನೋಡುವ ಸೈಟ್ ಎರಡೂ ಇರುವುದು ಸ್ಲೈಡಿನ (ಹಿಂದೆ ಮುಂದೆ ಜಾರುವ ಮೇಲ್ಭಾಗ) ಮೇಲೆ. ಗುಂಡು ಹೊರಡುವ ಕ್ಷಣಕ್ಕೆ ಬ್ಯಾರೆಲ್ ಪ್ರತಿ ಸಲವೂ ಸ್ಲೈಡಿನೊಳಗೆ ಅದೇ ಜಾಗಕ್ಕೆ ಬಂದು ಕೂತಿದ್ದರೆ ಸಾಕು, ಸ್ಲೈಡ್ ಮತ್ತು ಫ್ರೇಮ್ (ಹಿಡಿ ಇರುವ ಕೆಳಭಾಗ) ನಡುವೆ ಐದಾರು ಥೌ (ಒಂದು ಥೌ ಎಂದರೆ ಇಂಚಿನ ಸಾವಿರದಲ್ಲೊಂದು ಭಾಗ) ಸಡಿಲ ಇದ್ದರೂ ಗುರಿಗೆ ಆಗುವ ನಷ್ಟ ಕಮ್ಮಿ. ಬ್ಯಾರೆಲ್ಲನ್ನು ಹಿಡಿಯುವುದು ಮೂರು ಕಡೆ: ಮೂತಿಯಲ್ಲಿ ಬುಶಿಂಗ್ ಎಂಬ ಬಳೆ, ಹಿಂದೆ ಹುಡ್ ಎಂಬ ಚಾಚು, ಕೆಳಗೆ ಫ್ರೇಮಿಗೆ ಅಡ್ಡಲಾಗಿ ಹೋಗುವ ಸ್ಲೈಡ್ ಸ್ಟಾಪ್ ಪಿನ್ನಿನ ಮೇಲೆ ಏರಿ ನಿಲ್ಲುವ ಲಗ್ ಎಂಬ ಉಬ್ಬು. ಅಗ್ಗದ ಪಿಸ್ತೂಲಿನಲ್ಲಿ ಈ ಮೂರೂ ಪೆಟ್ಟಿಗೆಯಿಂದ ತೆಗೆದು ಹಾಕಿದಂಥವು. ದುಬಾರಿಯದರಲ್ಲಿ ಹುಡ್ಡನ್ನೂ ಕೆಳ ಲಗ್ಗನ್ನೂ ಬೇಕೆಂದೇ ದಪ್ಪ ಬಿಟ್ಟಿರುತ್ತಾರೆ. ಫಿಟ್ಟರ್ ಬ್ಲೂ (ಗುರುತಿನ ನೀಲಿ ಬಣ್ಣ) ಬಳಿದು, ತಾಗಿದ ಗುರುತು ನೋಡಿ, ಎರಡು ಸಲ ಫೈಲ್ ಎಳೆದು, ಮತ್ತೆ ಬ್ಲೂ ಬಳಿದು ಕೂರಿಸುತ್ತಾನೆ. ನೀವು ಡೈ ಮ್ಯಾಚಿಂಗ್ ಮಾಡುವುದೂ ಹೀಗೆಯೇ ತಾನೆ. ಅದಕ್ಕೆ ಎಷ್ಟು ಹೊತ್ತು ಹಿಡಿಯುತ್ತದೆ ಎಂದು ನಿಮಗೆ ಹೇಳಬೇಕಿಲ್ಲ.

ಇದೇ ಬಿಗಿಯನ್ನು ಅಡ್ಡದಾರಿಯಲ್ಲಿ ತರುವವರಿದ್ದಾರೆ. ಬ್ಯಾರೆಲ್ಲನ್ನು ಎತ್ತಿ ಇಳಿಸುವ ಪುಟ್ಟ ಲಿಂಕ್‌ನ ಎರಡು ರಂಧ್ರಗಳ ಕೇಂದ್ರಾಂತರ ಮೂಲ ನಕ್ಷೆಯಲ್ಲಿ 0.278 ಇಂಚು. ಅದಕ್ಕಿಂತ ಉದ್ದದ ಲಿಂಕ್ ಹಾಕಿದರೆ ಬ್ಯಾರೆಲ್ ಮೇಲಕ್ಕೆ ಒತ್ತಿ ನಿಲ್ಲುತ್ತದೆ, ಹೆಬ್ಬೆರಳಿಗೆ ಬಿಗಿ ಅನಿಸುತ್ತದೆ, ಗಿರಾಕಿಗೆ ಖುಷಿ. ಆದರೆ ಲಗ್ ಹೊರಬೇಕಾದ ಭಾರವನ್ನು ಈಗ ಲಿಂಕ್ ಹೊರುತ್ತಿದೆ, ಬ್ಯಾರೆಲ್ ಬೀಗ ಬಿಡುವ ಸಮಯವೂ ತಪ್ಪಿದೆ. ಮೇಲಿನ ಲಾಕಿಂಗ್ ಲಗ್‌ಗಳ ಮೂಲೆ ದುಂಡಗಾಗುತ್ತದೆ, ಒಂದು ದಿನ ಲಿಂಕ್ ಮುರಿಯುತ್ತದೆ. ಸೆಕೆಂಡ್‌ಹ್ಯಾಂಡ್ ಕೊಳ್ಳುವುದಾದರೆ ಬ್ಯಾರೆಲ್ ಹೊರತೆಗೆದು ಆ ಮೂಲೆಗಳನ್ನು ಟಾರ್ಚ್ ಹಾಕಿ ನೋಡಲಿ. ಚೂಪಾಗಿರಬೇಕು.

ಇನ್ನು ಸಿಕ್ಕಿಕೊಳ್ಳುವ ವಿಷಯ. ಇಲ್ಲಿ ನನ್ನ ಅಭಿಪ್ರಾಯ ಖಡಾಖಂಡಿತ: ಮೊದಲ ಅನುಮಾನ ತೋಟೆ ತುಂಬುವ ಡಬ್ಬಿಯಾದ ಮ್ಯಾಗಜೀನ್ ಮೇಲೆ, ಎರಡನೆಯದು ಎಕ್ಸ್‌ಟ್ರ್ಯಾಕ್ಟರ್ ಮೇಲೆ, ಕಂಪನಿಯ ಹೆಸರು ಆಮೇಲೆ.

ಎಕ್ಸ್‌ಟ್ರ್ಯಾಕ್ಟರ್ ಎಂದರೆ ಹಾರಿದ ತೋಟೆಯ ಖಾಲಿ ಕೋಶವನ್ನು ಅಂಚಿನಲ್ಲಿ ಹಿಡಿದು ಹಿಂದಕ್ಕೆಳೆಯುವ ಕೊಕ್ಕೆ. ಬ್ರೌನಿಂಗ್ ಇದಕ್ಕೆ ಬೇರೆ ಸ್ಪ್ರಿಂಗ್ ಕೊಡಲಿಲ್ಲ. ಸ್ಲೈಡಿನೊಳಗಿನ ಸುರಂಗದಲ್ಲಿ ಮಲಗಿರುವ ಆ ಉದ್ದ ಕಡ್ಡಿಯೇ ಸ್ಪ್ರಿಂಗ್, ಸೇಫ್ಟಿ ಪಿನ್ನಿನ ತಂತಿಯೇ ಸ್ಪ್ರಿಂಗ್ ಆಗಿರುವ ಹಾಗೆ. ಕಡ್ಡಿಯನ್ನು ಎಷ್ಟು ಬಾಗಿಸಿ ಕೂರಿಸಿದ್ದಾರೆ ಎಂಬುದರ ಮೇಲೆ ಹಿಡಿತ ನಿಲ್ಲುತ್ತದೆ. ಹಿಡಿತ ಸಡಿಲವಾದರೆ ಖಾಲಿ ಕೋಶ ಒಮ್ಮೆ ಬಲಕ್ಕೆ, ಒಮ್ಮೆ ನೇರ ಹಣೆಗೆ, ಇನ್ನೊಮ್ಮೆ ಅರ್ಧ ಹೊರಬಂದು ಚಿಮಣಿಯಂತೆ ನೆಟ್ಟಗೆ ನಿಲ್ಲುತ್ತದೆ. ಬಿಗಿ ಅತಿಯಾದರೆ ಹೊಸ ತೋಟೆಯ ಅಂಚು ಕೊಕ್ಕೆಯಡಿಗೆ ಜಾರದೆ, ಸ್ಲೈಡ್ ಕೊನೆಯ ಮೂರು ನಾಲ್ಕು ಮಿಲಿಮೀಟರ್ ಮುಚ್ಚದೆ ನಿಂತುಬಿಡುತ್ತದೆ. ಹೆಬ್ಬೆರಳಿನಿಂದ ತಳ್ಳಿದರೆ ಟಕ್ಕನೆ ಮುಚ್ಚುತ್ತದೆಯಾದರೆ ಕಾರಣ ಬಹುತೇಕ ಇದೇ.

ಪರೀಕ್ಷೆ ಮನೆಯಲ್ಲೇ ಆಗುತ್ತದೆ. ಪಿಸ್ತೂಲು ಖಾಲಿ ಇದೆಯೆಂದು ಎರಡು ಸಲ ನೋಡಿ, ಸ್ಲೈಡ್ ಬಿಚ್ಚಿ, ಬ್ಯಾರೆಲ್ ತೆಗೆದಿಡಬೇಕು. ನಿಜವಾದ ತೋಟೆಯಷ್ಟೇ ತೂಕದ, ಮದ್ದೂ ಅದಕ್ಕೆ ಕಿಡಿ ಹೊತ್ತಿಸುವ ಪ್ರೈಮರೂ ಇಲ್ಲದ ಡಮ್ಮಿಯನ್ನು ಕೆಳಗಿನಿಂದ ಕೊಕ್ಕೆಯಡಿಗೆ ಜಾರಿಸಬೇಕು. ಬೆರಳಿನ ಸಾಧಾರಣ ಒತ್ತಡಕ್ಕೆ ಒಳಗೆ ಹೋಗಬೇಕು, ಕೈಬಿಟ್ಟರೆ ಅಲ್ಲೇ ನಿಲ್ಲಬೇಕು, ಮೆಲ್ಲಗೆ ಅಲುಗಿಸಿದರೂ ಬೀಳಬಾರದು, ಜೋರಾಗಿ ಒದರಿದರೆ ಬೀಳಬಹುದು. ಸಡಿಲ ಇದ್ದರೆ ಕಡ್ಡಿಯನ್ನು ಅರ್ಧ ಸುರಂಗಕ್ಕೆ ತೂರಿಸಿ ಪಕ್ಕಕ್ಕೆ ಒಂಚೂರು ಒತ್ತಿ ಬಾಗಿಸುವುದು ಹಳೆಯ ಪದ್ಧತಿ. ಒಂಚೂರು ಎಂದರೆ ಒಂಚೂರೇ. ಒತ್ತುವುದು, ಹಾಕಿ ನೋಡುವುದು, ಮತ್ತೆ ಒತ್ತುವುದು. ಒಳ್ಳೆಯ ಸ್ಪ್ರಿಂಗ್ ಸ್ಟೀಲಿನ ಕಡ್ಡಿ ಸಾವಿರಾರು ಗುಂಡಿಗೆ ಆ ಬಾಗನ್ನು ಉಳಿಸಿಕೊಳ್ಳುತ್ತದೆ. ಸ್ಪ್ರಿಂಗ್ ಗುಣವಿಲ್ಲದ ಲೋಹದ್ದು ಕೆಲವೇ ನೂರಕ್ಕೆ ಸಡಿಲವಾಗುತ್ತದೆ, ಎಷ್ಟು ಸಲ ಬಾಗಿಸಿದರೂ ಅದೇ ಕಥೆ. ಹಾಗಾದಲ್ಲಿ ಬದಲಿಸುವುದೊಂದೇ ದಾರಿ.

ಇದಕ್ಕೇ ಅಂಟಿಕೊಂಡ ಇನ್ನೊಂದು ದೋಷ: ಕಡ್ಡಿ ತನ್ನ ಸುರಂಗದಲ್ಲಿ ತಿರುಗುವುದು. ಹಿಂದೆ ಅದನ್ನು ಹಿಡಿದಿಡುವುದು ಫೈರಿಂಗ್ ಪಿನ್ ಸ್ಟಾಪ್ ಎಂಬ ಚಪ್ಪಟೆ ತಗಡು. ಆ ತಗಡು ತನ್ನ ತೋಡಿನಲ್ಲಿ ಸಡಿಲವಾಗಿದ್ದರೆ ಪ್ರತಿ ಗುಂಡಿಗೂ ಕೊಕ್ಕೆ ಒಂದೆರಡು ಡಿಗ್ರಿ ಹೊರಳುತ್ತದೆ. ಸ್ಲೈಡಿನ ಹಿಂಭಾಗ ನೋಡಿದರೆ ಎಕ್ಸ್‌ಟ್ರ್ಯಾಕ್ಟರ್‌ನ ಬಾಲ ಸ್ಲೈಡಿನ ಮೈಯೊಂದಿಗೆ ಸಮನಾಗಿಲ್ಲದೆ ಓರೆಯಾಗಿ ಕಾಣುತ್ತದೆ. ಬಿಗಿಯಾದ ಸ್ಟಾಪ್ ತಂದು ಫೈಲ್ ಮಾಡಿ ಕೂರಿಸಿದರೆ ಮುಗಿಯಿತು. ಮತ್ತೊಂದು: ಚೇಂಬರಿಗೆ ಕೈಯಿಂದಲೇ ತೋಟೆ ಹಾಕಿ ಸ್ಲೈಡ್ ಬಿಡುವ ಚಾಳಿ ಬೇಡ. ತೋಟೆ ಮ್ಯಾಗಜೀನಿನಿಂದ ಮೇಲೇರುತ್ತಾ ಕೊಕ್ಕೆಯಡಿಗೆ ಜಾರಬೇಕೆಂಬುದು ವಿನ್ಯಾಸ. ಎದುರಿನಿಂದ ಬಡಿದು ಕೊಕ್ಕೆಯನ್ನು ಅಂಚಿನ ಮೇಲೆ ಹತ್ತಿಸಿದರೆ ಅದು ಮೊಂಡಾಗುತ್ತದೆ ಅಥವಾ ಮುರಿಯುತ್ತದೆ.

ಸ್ಮಿತ್ ಆ್ಯಂಡ್ ವೆಸನ್, ಸಿಗ್ ಸಾವರ್ ಈ ತಲೆನೋವೇ ಬೇಡವೆಂದು ಹೊರಗಡೆ ಪಿವಟ್ ಮೇಲೆ ಆಡುವ, ಬೇರೆ ಸ್ಪ್ರಿಂಗ್ ಇರುವ ಎಕ್ಸ್‌ಟ್ರ್ಯಾಕ್ಟರ್ ಹಾಕಿದವು. ಮಡಿವಂತರು ಮೂಗು ಮುರಿಯುತ್ತಾರೆ. ನನಗೇನೂ ತಕರಾರಿಲ್ಲ, ಫಿಟ್ಟರ್‌ನ ಕೈಚಳಕವನ್ನು ಅದು ಅಷ್ಟು ನೆಚ್ಚುವುದಿಲ್ಲ. ಆದರೆ ಬಿಡಿಭಾಗಕ್ಕೆ ಆ ಕಂಪನಿಯನ್ನೇ ಕಾಯಬೇಕು.

ಮ್ಯಾಗಜೀನಿಗೆ ಬರೋಣ. ತೋಟೆ ಯಾವ ಕೋನದಲ್ಲಿ ಏಳಬೇಕು, ಯಾವ ಕ್ಷಣಕ್ಕೆ ಬಿಡುಗಡೆಯಾಗಬೇಕು ಎಂಬುದನ್ನು ತೀರ್ಮಾನಿಸುವುದು ಮೇಲಿನ ತುಟಿಗಳು. ಮೂಲದ ಏಳು ಗುಂಡಿನ ಮ್ಯಾಗಜೀನಿನ ತುಟಿ ಕ್ರಮೇಣ ಅಗಲವಾಗುತ್ತದೆ, ತೋಟೆಯನ್ನು ನಿಧಾನವಾಗಿ ಬಿಡುತ್ತದೆ. ಈಗಿನ ಕೆಲವದರಲ್ಲಿ ಬೇಗ ಬಿಡುವ ತುಟಿ, ಇನ್ನು ಕೆಲವದರಲ್ಲಿ ಎರಡರ ನಡುವಿನದು. ಅದೇ ಉದ್ದದ ಡಬ್ಬಿಗೆ ಎಂಟನೆಯ ತೋಟೆ ತುರುಕಿದಾಗ ಸ್ಪ್ರಿಂಗಿಗೆ ಜಾಗ ಸಾಲದೆ, ಕೊನೆಯ ತೋಟೆಯನ್ನು ಎತ್ತುವ ಬಲ ಕುಗ್ಗುತ್ತದೆ. ಪಿಸ್ತೂಲಿನ ಜೊತೆ ಬರುವ ಮ್ಯಾಗಜೀನಿನಲ್ಲಿ ಹಣ ಉಳಿಸುವ ಕಂಪನಿಗಳು ಬಹಳ. ನಿಮ್ಮ ತಮ್ಮ 450 ಡಾಲರಿನದನ್ನೇ ಕೊಂಡರೂ ವಿಲ್ಸನ್ ಕಾಂಬ್ಯಾಟ್ ಅಥವಾ ಮೆಕ್-ಗಾರ್ ಮ್ಯಾಗಜೀನ್ ಮೂರು ನಾಲ್ಕು ಬೇರೆಯಾಗಿ ಕೊಳ್ಳಲಿ. ಪ್ರತಿಯೊಂದರ ತಳಕ್ಕೂ ಪೇಂಟಿನಲ್ಲಿ ಅಂಕಿ ಬರೆಯಲಿ. ತೊಡಕು ಆದಾಗಲೆಲ್ಲ ಅಂಕಿ ಗುರುತು ಹಾಕಿಕೊಂಡರೆ, ಎರಡನೇ ನಂಬರಿನದರಲ್ಲೇ ಮತ್ತೆ ಮತ್ತೆ ಆಗುತ್ತಿದೆ ಎಂಬುದು ತಾನಾಗಿ ಗೊತ್ತಾಗುತ್ತದೆ. ಆಗ ಅದರ ಸ್ಪ್ರಿಂಗ್ ಬದಲಿಸುವುದು, ಆಗಲೂ ಬಗ್ಗದಿದ್ದರೆ ಕಸಕ್ಕೆ.

ತೋಟೆ ಏರುವ ಇಳಿಜಾರಿನ ಬಗ್ಗೆ ಒಂದು ಎಚ್ಚರಿಕೆ, ವಿಶೇಷವಾಗಿ ನಿಮ್ಮಂಥ ಗ್ರೈಂಡರ್ ಕೈಯಲ್ಲಿರುವವರಿಗೆ. ಫ್ರೇಮಿನ ರ‍್ಯಾಂಪ್ ಸುಮಾರು 31.5 ಡಿಗ್ರಿ. ಅದರ ಮೇಲಂಚಿಗೂ ಬ್ಯಾರೆಲ್ಲಿನ ಬಾಯಿಯ ಕೆಳಂಚಿಗೂ ನಡುವೆ 1/32 ಇಂಚಿನಷ್ಟು, ಅಂದರೆ ಸುಮಾರು 0.8 ಮಿಲಿಮೀಟರ್ ಮೆಟ್ಟಿಲು ಇರಬೇಕು. ಅದು ದೋಷವಲ್ಲ, ಬೇಕೆಂದೇ ಇಟ್ಟದ್ದು. ಮೆಟ್ಟಿಲನ್ನು ಸಪಾಟು ಮಾಡುತ್ತೇನೆಂದು ಡ್ರೆಮೆಲ್ (ಪುಟ್ಟ ಕೈ ಗ್ರೈಂಡರ್) ಆಡಿಸಿ ರ‍್ಯಾಂಪಿನ ಮೇಲಂಚನ್ನು ದುಂಡಗೆ ಮಾಡಿದರೆ, ಗುಂಡಿನ ಮೂತಿ ತಗ್ಗಿಗೆ ಹೋಗಿ ಬ್ಯಾರೆಲ್ಲಿಗೆ ಗುದ್ದುತ್ತದೆ, ಫ್ರೇಮ್ ಕೆಟ್ಟಂತೆಯೇ ಲೆಕ್ಕ. ಹೊಳಪು ಕೊಡಬಹುದು, ಆಕಾರ ಬದಲಿಸಬಾರದು. ಮೂಲ ವಿನ್ಯಾಸ ಇದ್ದದ್ದು 230 ಗ್ರೇನಿನ ದುಂಡುಮೂತಿ ಗುಂಡಿಗೆ. ಅದು ಸರಾಗವಾಗಿ ಓಡದ 1911 ಹೊಸದಿದ್ದರೆ ಅಂಗಡಿಗೆ ಹಿಂದಿರುಗಿಸುವುದೇ ಸರಿ. ಕೇವಲ ಹಾಲೋ ಪಾಯಿಂಟ್ (ಮೂತಿಯಲ್ಲಿ ಗುಳಿ ಇರುವ ಗುಂಡು) ತೊಡಕಾಗುತ್ತಿದ್ದರೆ ಬೇರೆ ಬ್ರ್ಯಾಂಡಿನ ತೋಟೆ ಹಾಕಿ ನೋಡಬಹುದು.

ಎಂಐಎಂ (ಮೆಟಲ್ ಇಂಜೆಕ್ಷನ್ ಮೋಲ್ಡಿಂಗ್) ಎಂಬ ಮೂರಕ್ಷರಕ್ಕೆ ಜನ ಬೆಚ್ಚಿಬೀಳುತ್ತಾರೆ. ಲೋಹದ ಪುಡಿಯನ್ನು ಅಂಟಿನೊಂದಿಗೆ ಬೆರೆಸಿ ಪ್ಲಾಸ್ಟಿಕ್ಕಿನಂತೆ ಅಚ್ಚಿಗೆ ಒತ್ತಿ, ಆಮೇಲೆ ಕುಲುಮೆಯಲ್ಲಿ ಬೇಯಿಸುತ್ತಾರೆ. ಬೇಯುವಾಗ ಅಳತೆ 15ರಿಂದ 20 ಶೇಕಡಾ ಕುಗ್ಗುತ್ತದೆ. ಕುಗ್ಗುವಿಕೆಯ ಲೆಕ್ಕ ಸರಿಯಿದ್ದು ಒಳಗೆ ಗುಳ್ಳೆ ಉಳಿಯದಿದ್ದರೆ ಹಿಂದಿನಿಂದ ಬಡಿಯುವ ಹ್ಯಾಮರ್, ಸ್ಲೈಡ್ ಪೂರ್ತಿ ಮುಚ್ಚದೆ ಗುಂಡು ಹಾರದಂತೆ ತಡೆಯುವ ಡಿಸ್‌ಕನೆಕ್ಟರ್‌ನಂಥ ಭಾಗಗಳಿಗೆ ಏನೂ ಆಗುವುದಿಲ್ಲ. ಬಾಗಿ ಎದ್ದು ಬರಬೇಕಾದ ಎಕ್ಸ್‌ಟ್ರ್ಯಾಕ್ಟರಿಗೆ, ಹೊಡೆತ ತಿನ್ನುವ ಸ್ಲೈಡ್ ಸ್ಟಾಪಿಗೆ ಅದು ಒಗ್ಗುವುದಿಲ್ಲ. ಇವೆರಡನ್ನು ಬಾರ್ ಸ್ಟಾಕಿನಿಂದ ಕಡೆದವುಗಳಿಗೆ ಬದಲಿಸಿಕೊಂಡರೆ ಉಳಿದದ್ದಕ್ಕೆ ತಲೆ ಕೆಡಿಸಿಕೊಳ್ಳಬೇಕಿಲ್ಲ. ಫೋರ್ಜಿಂಗ್ (ಕಾಯಿಸಿ ಬಡಿದು ರೂಪಿಸಿದ್ದು) ಮೇಲೋ ಎರಕ ಮೇಲೋ ಎಂಬ ಜಗಳವೂ ಬಹುಪಾಲು ಮಾತಿನದು. ರೂಗರ್‌ನ ಎಸ್‌ಆರ್1911ರ ಫ್ರೇಮ್ ಇನ್‌ವೆಸ್ಟ್‌ಮೆಂಟ್ ಕಾಸ್ಟಿಂಗ್ (ಮೇಣದ ಮಾದರಿಯಿಂದ ಮಾಡುವ ಎರಕ), ಗಟ್ಟಿಮುಟ್ಟು.

ಈಗ ಕಂಪನಿಗಳು. ಕೆಳಗಿನ ಬೆಲೆಯಲ್ಲಿ ಇಬ್ಬರು: ಫಿಲಿಪ್ಪೀನ್ಸ್‌ನ ಮರಿಕಿನಾದ ಆರ್ಮ್ಸ್‌ಕಾರ್ ಮಾಡುವ ರಾಕ್ ಐಲ್ಯಾಂಡ್, ಟರ್ಕಿಯ ಟ್ರಾಬ್‌ಜಾನ್‌ನ ಟಿಸಾಸ್. ರಾಕ್ ಐಲ್ಯಾಂಡಿನ ಫ್ರೇಮ್ ಎರಕದ್ದು, ಟಿಸಾಸ್‌ನದು ಫೋರ್ಜ್ ಮಾಡಿದ್ದು. ಎರಡೂ ಹಳೆಯ ಸೇನಾ ಅಳತೆಗೆ ಹತ್ತಿರ, ಸ್ವಲ್ಪ ಸಡಿಲ, ಆದ್ದರಿಂದಲೇ ಓಡುತ್ತವೆ. ನೋಟದಲ್ಲಿ ಒರಟು, ಒಳಗೆ ಟೂಲ್ ಮಾರ್ಕ್ ಕಾಣುತ್ತದೆ, ಚೂಪು ಅಂಚು ಕೈ ಗೀರುತ್ತದೆ. ನಿಮ್ಮಲ್ಲಿರುವಂಥ ಸಣ್ಣ ಸಾಣೆಕಲ್ಲಿನಿಂದ ತಮ್ಮನೇ ಆ ಚೂಪನ್ನು ಮುರಿಯಬಹುದು, ಸಿಯರ್ (ಟ್ರಿಗರ್ ಒತ್ತುವತನಕ ಹ್ಯಾಮರನ್ನು ಹಿಡಿದಿಡುವ ಭಾಗ) ಮತ್ತು ಹ್ಯಾಮರಿನ ಹುಕ್ ಮಾತ್ರ ಮುಟ್ಟಬಾರದು.

ಮಧ್ಯದಲ್ಲಿ ಸ್ಪ್ರಿಂಗ್‌ಫೀಲ್ಡ್ ಆರ್ಮರಿ ಇದೆ. ಹೆಸರು ಹಳೆಯ ಸರ್ಕಾರಿ ಕಾರ್ಖಾನೆಯದು, ಕಂಪನಿ ಇಲಿನಾಯ್‌ನ ಖಾಸಗಿಯದು, ಫೋರ್ಜಿಂಗ್ ಬಂದದ್ದು ಬ್ರೆಜಿಲಿನ ಇಂಬೆಲ್‌ನಿಂದ. ರೂಗರ್‌ನಲ್ಲಿ ನನಗೆ ಹಿಡಿಸಿದ್ದು ಪ್ಲಂಜರ್ ಟ್ಯೂಬನ್ನು (ಸೇಫ್ಟಿಯ ಪುಟ್ಟ ಸ್ಪ್ರಿಂಗ್ ಇರುವ ಕೊಳವೆ) ಫ್ರೇಮಿನೊಂದಿಗೇ ಒಂದಾಗಿ ಮಾಡಿರುವುದು. ಬೇರೆಯವರದರಲ್ಲಿ ಅದು ರಿವೆಟ್ಟಿನಂತೆ ಒತ್ತಿ ಕೂರಿಸಿದ ಭಾಗ, ಸಡಿಲವಾದರೆ ಥಂಬ್ ಸೇಫ್ಟಿಗೆ (ಹೆಬ್ಬೆರಳಿನಿಂದ ಹಾಕುವ ಸುರಕ್ಷಾ ಕೀಲಿ) ಅಡ್ಡ ಬರುತ್ತದೆ. ಕೋಲ್ಟ್‌ನಲ್ಲಿ ಎರಡು ಬಗೆ: ಸೀರೀಸ್ 70ರಲ್ಲಿ ಪ್ರೈಮರಿಗೆ ಬಡಿಯುವ ಫೈರಿಂಗ್ ಪಿನ್ನಿಗೆ ತಡೆ ಇಲ್ಲ, 1983ರಲ್ಲಿ ಬಂದ ಸೀರೀಸ್ 80ರಲ್ಲಿ ಟ್ರಿಗರ್ ಒತ್ತಿದಾಗ ಮಾತ್ರ ಬಿಡುವ ತಡೆ ಇದೆ. ಕಿಂಬರ್ ಮತ್ತು ಸ್ಮಿತ್ ಆ್ಯಂಡ್ ವೆಸನ್‌ನಲ್ಲಿ ಅಂಥದೇ ತಡೆಯನ್ನು ಬಿಡಿಸುವುದು ಗ್ರಿಪ್ ಸೇಫ್ಟಿ, ಅಂದರೆ ಹಿಡಿಯ ಹಿಂಭಾಗದಲ್ಲಿ ಅಂಗೈ ಒತ್ತುವ ಸುರಕ್ಷಾ ಕೀಲಿ. ಈ ಬಗೆಯದನ್ನು ಮತ್ತೆ ಜೋಡಿಸುವಾಗ ಗ್ರಿಪ್ ಸೇಫ್ಟಿ ಒತ್ತಿ ಹಿಡಿದು ಸ್ಲೈಡ್ ತೂರಿಸಿದರೆ ಮೇಲೆದ್ದ ಕಡ್ಡಿಗೆ ತಡೆ ಬಡಿದು ಹಾಳಾಗುತ್ತದೆ. ಹಿಡಿಯ ಹಿಂಭಾಗದಿಂದ ಅಂಗೈ ದೂರ ಇಟ್ಟು ಜೋಡಿಸಬೇಕು.

1500 ದಾಟಿದರೆ ಡಾನ್ ವೆಸನ್. ನನ್ನ ಮಟ್ಟಿಗೆ ಕೊಟ್ಟ ಕಾಸಿಗೆ ಸಿಗುವ ಕೆಲಸ ಇಲ್ಲೇ ಅತಿ ಹೆಚ್ಚು. ಅದರ ಒಡೆಯರಾದ ಸಿಜೆಡ್‌ನವರು 2021ರಲ್ಲಿ ಕೋಲ್ಟನ್ನೂ ಕೊಂಡರು. ಅದರ ಮೇಲೆ ಲೆಸ್ ಬೇರ್, ವಿಲ್ಸನ್, ಎಡ್ ಬ್ರೌನ್, ನೈಟ್‌ಹಾಕ್. ನೈಟ್‌ಹಾಕ್‌ನಲ್ಲಿ ಒಂದು ಪಿಸ್ತೂಲನ್ನು ಮೊದಲಿನಿಂದ ಕೊನೆತನಕ ಒಬ್ಬನೇ ಫಿಟ್ ಮಾಡುತ್ತಾನೆ. ಲೆಸ್ ಬೇರ್ 50 ಗಜಕ್ಕೆ 3 ಇಂಚಿನ ಗುಂಪಿನ (ಗುಂಡುಗಳೆಲ್ಲ ಅಷ್ಟರೊಳಗೆ ತಾಗುವ) ಖಾತರಿ ಕೊಡುತ್ತದೆ, ಆದರೆ ಹೊಸದರಲ್ಲಿ ಸ್ಲೈಡ್ ಎಳೆಯಲು ತೋಳ್ಬಲ ಬೇಕು, ಪೂರ್ತಿ ಹದಕ್ಕೆ ಬರಲು ಐನೂರು ಗುಂಡು ಹಿಡಿಯಬಹುದು. ತೀರಾ ಬಿಗಿಯಾದದ್ದು ಮಸಿ, ಧೂಳನ್ನು ಅಷ್ಟಾಗಿ ಸಹಿಸುವುದಿಲ್ಲ, ಎಣ್ಣೆಯನ್ನೂ ಹೆಚ್ಚು ಬೇಡುತ್ತದೆ. ಹೆಚ್ಚು ಗೋಳು ಕೇಳಿಬರುವುದು 800ರಿಂದ 1200ರ ನಡುವೆ: ಕೈಗೆ ಬಿಗಿ ಅನಿಸಲಿ ಎಂದು ಅಳತೆ ಬಿಗಿ ಮಾಡುತ್ತಾರೆ, ಅದನ್ನು ಸರಿದೂಗಿಸುವ ಫಿಟ್ಟರ್‌ಗೆ ಕೂಲಿ ಕೊಡುವುದಿಲ್ಲ.

ಉದ್ದ ಯಾವಾಗಲೂ 5 ಇಂಚಿನ ಬ್ಯಾರೆಲ್ಲೇ. 4.25ರ ಕಮಾಂಡರ್ ಪರವಾಗಿಲ್ಲ. 3 ಇಂಚಿನದರಲ್ಲಿ ಸ್ಲೈಡ್ ಹಿಂದೆ ಸರಿಯುವ ದೂರ ಕಮ್ಮಿ, ವೇಗ ಹೆಚ್ಚು, ಬ್ಯಾರೆಲ್ ಹೆಚ್ಚು ವಾಲಬೇಕು, ಮುಂದಿನ ತೋಟೆಯನ್ನು ಎತ್ತಲು ಮ್ಯಾಗಜೀನಿಗೆ ಸಮಯವೇ ಸಾಲದು. ಮೊದಲ 1911 ಆಗಿ ಅದು ಬೇಡ.

ಅಂಗಡಿಯಲ್ಲಿ ಮಾಲೀಕರನ್ನು ಕೇಳಿ, ಖಾಲಿ ಮಾಡಿ, ಇಷ್ಟು ನೋಡಲಿ. ಹ್ಯಾಮರ್ ಎಳೆದು ಥಂಬ್ ಸೇಫ್ಟಿ ಹಾಕಿ ಟ್ರಿಗರ್ ಗಟ್ಟಿಯಾಗಿ ಒತ್ತಿ ಬಿಡುವುದು. ಸೇಫ್ಟಿ ತೆಗೆದು, ಹ್ಯಾಮರನ್ನು ಕಿವಿಯ ಹತ್ತಿರ ಹಿಡಿದು ಹೆಬ್ಬೆರಳಿನಿಂದ ಕೂದಲೆಳೆಯಷ್ಟು ಹಿಂದಕ್ಕೆಳೆಯುವುದು. ಸಣ್ಣ ಟಿಕ್ ಕೇಳಿಸಿದರೆ ಸೇಫ್ಟಿ ಹಾಕಿದ್ದಾಗಲೇ ಸಿಯರ್ ಜಾರಿದೆ ಎಂದರ್ಥ, ಅದನ್ನು ಅಲ್ಲೇ ಬಿಟ್ಟುಬರುವುದು. ಆಮೇಲೆ ಸ್ಲೈಡನ್ನು ಕಾಲಿಂಚು ಹಿಂದೆ ಹಿಡಿದು ಟ್ರಿಗರ್ ಒತ್ತಿದರೆ ಹ್ಯಾಮರ್ ಬೀಳಬಾರದು, ಇದು ಡಿಸ್‌ಕನೆಕ್ಟರ್ ಪರೀಕ್ಷೆ. ಗ್ರಿಪ್ ಸೇಫ್ಟಿ ಒತ್ತದೆ ಟ್ರಿಗರ್ ಒತ್ತಿದರೂ ಬೀಳಬಾರದು. ಕೊನೆಗೆ ಪ್ಲಂಜರ್ ಟ್ಯೂಬನ್ನು ಉಗುರಿನಿಂದ ಅಲುಗಿಸಿ ನೋಡುವುದು. ಖಾಲಿ ಚೇಂಬರಿನ ಮೇಲೆ ಸ್ಲೈಡನ್ನು ಧಡಾರನೆ ಬಿಡುವುದು ಬೇಡ, ಸಿಯರ್ ಅಂಚಿಗೆ ಪೆಟ್ಟು, ಅಂಗಡಿಯವರೂ ಉಗಿಯುತ್ತಾರೆ.

ಮನೆಗೆ ತಂದ ಮೇಲೆ ಕಾರ್ಖಾನೆಯ ತುಕ್ಕುತಡೆ ಎಣ್ಣೆ ಒರೆಸಿ, ಸ್ಲೈಡ್ ಜಾರುವ ರೈಲು, ಬ್ಯಾರೆಲ್ಲಿನ ಹೊರಮೈ, ಬುಶಿಂಗ್‌ಗೆ ಧಾರಾಳವಾಗಿ ಎಣ್ಣೆ. ದುಂಡುಮೂತಿ 200 ಗುಂಡು ಹಾರಿಸಿ ನೋಡಬೇಕು. ಮೊದಲ 50ರಲ್ಲಿ ಒಂದೆರಡು ತೊಡಕು ಕ್ಷಮಿಸಬಹುದು, ಕೊನೆಯ 100ರಲ್ಲಿ ಆದರೆ ಕಾರಣ ಹುಡುಕಬೇಕು. 5 ಇಂಚಿನದಕ್ಕೆ, ಸ್ಲೈಡನ್ನು ಮತ್ತೆ ಮುಂದಕ್ಕೆ ತಳ್ಳುವ ರಿಕಾಯಿಲ್ ಸ್ಪ್ರಿಂಗ್ 16 ಪೌಂಡಿನದು, ಅಂದರೆ ಏಳೂಕಾಲು ಕೆಜಿ. ಎರಡರಿಂದ ಮೂರು ಸಾವಿರ ಗುಂಡಿಗೊಮ್ಮೆ ಬದಲಿ. ಹಿತವಾಗಿರಲೆಂದು ಹೆಚ್ಚು ಪೌಂಡಿನದು ಹಾಕಿದರೆ ಹಿಂದಿನ ಪೆಟ್ಟು ತಗ್ಗಿ, ಸ್ಲೈಡ್ ಮುಂದಕ್ಕೆ ಬಡಿಯುವ ಪೆಟ್ಟು ಏರುತ್ತದೆ, ಮ್ಯಾಗಜೀನಿನ ಸ್ಪ್ರಿಂಗ್ ಹಿಂದೆ ಬೀಳುತ್ತದೆ.

ಇಷ್ಟಕ್ಕೂ ಮೊದಲು ತಮ್ಮನ ವೀಸಾ ಯಾವುದೆಂದು ಕೇಳಿ. ಗ್ರೀನ್ ಕಾರ್ಡ್ ಇದ್ದರೆ ಅಡ್ಡಿಯಿಲ್ಲ. ಎಚ್-1ಬಿಯಂಥ ತಾತ್ಕಾಲಿಕ ವೀಸಾದವರು ಬಂದೂಕು ಇಟ್ಟುಕೊಳ್ಳುವುದೇ ಅಲ್ಲಿನ ಕೇಂದ್ರ ಕಾನೂನಿನಲ್ಲಿ ಅಪರಾಧ. ಯಾವುದಾದರೂ ರಾಜ್ಯದ ಬೇಟೆ ಪರವಾನಗಿ ಇರುವುದು ಅದಕ್ಕಿರುವ ಕೆಲವೇ ವಿನಾಯಿತಿಗಳಲ್ಲಿ ಒಂದು. ಮುಂದೊಂದು ದಿನ ಅದನ್ನು ತುಮಕೂರಿಗೆ ತರುವ ಯೋಚನೆ ಇದ್ದರೆ ಈಗಲೇ ಬಿಡಿ: ಡಿಸಿ ಕಚೇರಿಯಿಂದ ಪಿಸ್ತೂಲಿನ ಪರವಾನಗಿ ಸಿಕ್ಕರೂ ಸಾಮಾನ್ಯ ಪರವಾನಗಿದಾರರಿಗೆ ಹೊರದೇಶದಿಂದ ಆಮದಿಗೆ ಬಹುತೇಕ ಅವಕಾಶವಿಲ್ಲ. ಊರಿಗೆ ಬರುವಾಗ ರೇಂಜಿಗೆ ಒಯ್ಯುವ ಬ್ಯಾಗನ್ನೇ ಪ್ರಯಾಣಕ್ಕೂ ಬಳಸಬೇಡವೆಂದು ಹೇಳಿ. ಜೇಬಿನ ಮೂಲೆಯಲ್ಲಿ ಮರೆತ ಒಂದೇ ಒಂದು ತೋಟೆ ದೇವನಹಳ್ಳಿ ವಿಮಾನ ನಿಲ್ದಾಣದ ಎಕ್ಸ್‌ರೇಯಲ್ಲಿ ಕಂಡರೂ ಆರ್ಮ್ಸ್ ಆ್ಯಕ್ಟಿನಡಿ ಕೇಸಾಗಬಹುದು.